ಫೋರ್ಕ್ ಇಲ್ಲದ ಕಡೆ ಒಂದು ಸೋಮವಾರ

2008ರ ಜುಲೈ ತಿಂಗಳು. ಮಂಗಳೂರಿನಿಂದ ಬೆಳಿಗ್ಗೆ ಬೇಗ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಉಡುಪಿಗೆ ಹೊರಟಿದ್ದೆ. ಮೂಲ್ಕಿ ದಾಟುವಾಗ ಹಿಡಿದ ಮಳೆ ಉಡುಪಿ ಬಸ್‌ಸ್ಟ್ಯಾಂಡ್ ಬಂದರೂ ಬಿಟ್ಟಿರಲಿಲ್ಲ. ಹೋಗಬೇಕಾಗಿದ್ದದ್ದು ಒಂದು ಕ್ರೆಡಿಟ್ ಸೊಸೈಟಿಯ ಹೆಡ್ ಆಫೀಸಿಗೆ. ಅವರ ಲೆಕ್ಕದ ಸಾಫ್ಟ್‌ವೇರ್ ನಮ್ಮದು.

ಅಲ್ಲಿಯವರೆಗೆ ಅವರ ಡೇಟಾಬೇಸ್ ಲಿನಕ್ಸ್ ಮೇಲೆ ಓಡುತ್ತಿತ್ತು. ಸರ್ವರ್ ಕೆಟ್ಟರೆ ನೋಡುವವರು ಊರಲ್ಲೇ ಸಿಗಬೇಕು, ವಿಂಡೋಸ್ ಮಾಡಿಕೊಡಿ ಎಂದು ಅವರು ಕೇಳಿದ್ದರು. ನ್ಯಾಯವಾದ ಮಾತೇ. ಡೇಟಾಬೇಸ್ ಬದಲಾಗುವುದಿಲ್ಲ, ಅಲ್ಲಿಯೂ ಪೋಸ್ಟ್‌ಗ್ರೆಸ್, ಇಲ್ಲಿಯೂ ಪೋಸ್ಟ್‌ಗ್ರೆಸ್. ಶನಿವಾರ ಡಂಪ್, ಅಂದರೆ ಡೇಟಾದ ಪೂರ್ತಿ ಪ್ರತಿ, ತೆಗೆದು ಹೊಸ ಸರ್ವರಿಗೆ ಹಾಕಿದೆವು. 150 ಕನೆಕ್ಷನ್ ಒಟ್ಟಿಗೆ ತೆರೆದು ಪರೀಕ್ಷೆಯನ್ನೂ ಮಾಡಿದೆವು. ಏನೂ ತೊಂದರೆ ಕಾಣಲಿಲ್ಲ.

ಸೋಮವಾರ ಹತ್ತಕ್ಕೆ ಕೌಂಟರ್ ತೆರೆಯಿತು. ಹತ್ತೂಮುಕ್ಕಾಲಿನ ತನಕ ಎಲ್ಲ ಸರಿ ಇತ್ತು. ಆಮೇಲೆ ದಿನಾ ಜನರ ಬಳಿ ಹೋಗಿ ಸಣ್ಣ ಉಳಿತಾಯ ಸಂಗ್ರಹಿಸುವ ಪಿಗ್ಮಿ ಕಲೆಕ್ಟರುಗಳು ಕೊಡೆ ಮಡಚಿ ಒಬ್ಬೊಬ್ಬರಾಗಿ ಒಳಗೆ ಬಂದರು. ಪಿಗ್ಮಿ ಹುಟ್ಟಿದ್ದೇ ಈ ಸೀಮೆಯಲ್ಲಿ, 1928ರಲ್ಲಿ, ಸಿಂಡಿಕೇಟ್ ಬ್ಯಾಂಕಿನವರಿಂದ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಯ ನೂರಾರು ಎಂಟ್ರಿ. ನಮ್ಮ ಪ್ರೋಗ್ರಾಂ ಒಂದೊಂದು ಕಂಪ್ಯೂಟರಿನಿಂದ ಮೂರು ಕನೆಕ್ಷನ್ ತೆರೆಯುತ್ತಿತ್ತು. ಎಂಟ್ರಿಗೆ ಒಂದು, ಪಾಸ್‌ಬುಕ್ ಪ್ರಿಂಟಿಗೆ ಒಂದು, ರಿಪೋರ್ಟಿಗೆ ಮತ್ತೊಂದು. ಶಾಖೆಗಳೂ ಸೇರಿ ಕಂಪ್ಯೂಟರ್ ಐವತ್ತು.

ಒಮ್ಮೆಲೇ ಎಲ್ಲ ಪರದೆಗಳೂ ನಿಂತವು. ಒಂದೆರಡು ನಿಮಿಷಕ್ಕೆ ತಾವಾಗಿಯೇ ಸರಿಯಾದವು. ಹತ್ತು ನಿಮಿಷ ಬಿಟ್ಟು ಮತ್ತೆ ನಿಂತವು.

"ಎಂಥ ಮೇಡಂ, ಪುನಃ ಹೋಯ್ತಲ್ಲ!" ಕ್ಯಾಶಿಯರ್ ಕೂಗಿದರು. ಅವರ ಮುಂದೆ ಕ್ಯೂ ಬಾಗಿಲಿನ ತನಕ ಬೆಳೆದಿತ್ತು.

ಡೇಟಾಬೇಸ್ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದೆ. ಒಂದು ಪ್ರಾಸೆಸ್, ಅಂದರೆ ಓಡುವ ಪ್ರೋಗ್ರಾಂ, ಶುರುವಾಗುವಾಗಲೇ ಸತ್ತಿದೆ. ಅದರ ಹಿಂದೆಯೇ ಉಳಿದ ಎಲ್ಲವನ್ನೂ ಪೋಸ್ಟ್‌ಗ್ರೆಸ್ ತಾನೇ ನಿಲ್ಲಿಸಿದೆ. ಇದು ಅದರ ಪದ್ಧತಿ. ಪ್ರತಿ ಕನೆಕ್ಷನ್ನಿಗೂ ಒಂದು ಬೇರೆ ಪ್ರಾಸೆಸ್ ಇರುತ್ತದೆ, ಆದರೆ ಎಲ್ಲವೂ ಒಂದು ಮೆಮೊರಿಯನ್ನು ಹಂಚಿಕೊಂಡಿರುತ್ತವೆ. ಯಾವುದಾದರೂ ಒಂದು ಅಡ್ಡಾದಿಡ್ಡಿ ಸತ್ತರೆ ಆ ಮೆಮೊರಿ ಕೆಟ್ಟಿರಬಹುದು ಎಂಬ ಅನುಮಾನ. ಹಾಗಾಗಿ ತಾಯಿ ಪ್ರಾಸೆಸ್, ಅಂದರೆ ಪೋಸ್ಟ್‌ಮಾಸ್ಟರ್, ಎಲ್ಲರನ್ನೂ ನಿಲ್ಲಿಸಿ ಹೊಸದಾಗಿ ಶುರು ಮಾಡುತ್ತದೆ. ಕಮಿಟ್ ಆದ, ಅಂದರೆ ಖಾಯಂ ದಾಖಲಾದ, ಒಂದು ರೂಪಾಯಿಯೂ ಅಂದು ಕಳೆಯಲಿಲ್ಲ. ಆ ಜಾಗ್ರತೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಆದರೆ ಮೊದಲನೆಯದು ಸತ್ತದ್ದು ಯಾಕೆ? ಮಂಗಳೂರಿನ ಆಫೀಸಿನಲ್ಲಿದ್ದ ಹಿರಿಯರಿಗೆ ಫೋನ್ ಮಾಡಿದೆ.

"ಶನಿವಾರ ಹೇಗೆ ಸ್ಟಾರ್ಟ್ ಮಾಡಿದ್ದು ಮಾರಾಯ್ತಿ?"

"ಕಮಾಂಡ್ ವಿಂಡೋದಿಂದ, ಸರ್."

"ಇವತ್ತು?"

"ಸರ್ವಿಸ್ ಆಗಿ."

"ಹಾಗಾದ್ರೆ ಡೆಸ್ಕ್‌ಟಾಪ್ ಹೀಪ್ ನೋಡು."

ಆ ಶಬ್ದವನ್ನು ನಾನು ಅದೇ ಮೊದಲು ಕೇಳಿದ್ದು. ಪರದೆಗೆ ಸಂಬಂಧಪಟ್ಟ ವಸ್ತುಗಳಿಗಾಗಿ ವಿಂಡೋಸ್ ತೆಗೆದಿಡುವ ಒಂದು ಚಿಕ್ಕ ಮೆಮೊರಿ ಅದು. ಡೇಟಾಬೇಸಿಗೆ ಪರದೆಯ ಗೊಡವೆ ಇಲ್ಲ. ಆದರೂ ಪ್ರಾಸೆಸ್ ಏಳುವಾಗ ಯೂಸರ್32 ಎಂಬ ಲೈಬ್ರರಿ ಜೊತೆಗೆ ಬರುತ್ತಿತ್ತು, ಬಂದ ಕೂಡಲೇ ಆ ಹೀಪಿನಲ್ಲಿ ಕೆಲವು ಕೆಬಿ ಹಿಡಿಯುತ್ತಿತ್ತು. ಲಾಗಿನ್ ಆಗಿ ಕೂತವರ ಡೆಸ್ಕ್‌ಟಾಪಿಗೆ, ಅಂದರೆ ಶನಿವಾರ ನಾವು ಪರೀಕ್ಷೆ ಮಾಡಿದ ಕಡೆ, 3072 ಕೆಬಿ ಇತ್ತು. ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳಿಗೆ ಆ 32 ಬಿಟ್ ಸರ್ವರಿನಲ್ಲಿ ಇದ್ದದ್ದು ಬರೀ 512. ಸುಮಾರು 125 ಕನೆಕ್ಷನ್ ಆಗುವಾಗ ಅದು ಮುಗಿಯುತ್ತಿತ್ತು. ಆಮೇಲೆ ಬಂದವನಿಗೆ ಏಳಲಿಕ್ಕೇ ಜಾಗ ಇಲ್ಲ. ರ‍್ಯಾಮ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಖಾಲಿ ಇತ್ತು!

ಇದೇ ಕೆಲಸವನ್ನು ಥ್ರೆಡ್‌ಗಳಲ್ಲಿ, ಅಂದರೆ ಒಂದೇ ಪ್ರಾಸೆಸ್ ಒಳಗೆ ಒಟ್ಟಿಗೆ ಓಡುವ ಎಳೆಗಳಲ್ಲಿ, ಮಾಡುವ ಡೇಟಾಬೇಸ್ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಅಲ್ಲಿ ಇರುವುದೇ ಒಂದು ಪ್ರಾಸೆಸ್. ಮೈಎಸ್‌ಕ್ಯೂಎಲ್ ಎಲ್ಲ ಕಡೆಯೂ ಹಾಗೆ. ಒರಾಕಲ್ ಯುನಿಕ್ಸ್‌ನಲ್ಲಿ ಹಲವು ಪ್ರಾಸೆಸ್, ವಿಂಡೋಸ್‌ನಲ್ಲಿ ಒಂದೇ ಪ್ರಾಸೆಸ್ ಒಳಗೆ ಹಲವು ಥ್ರೆಡ್. ಪೋಸ್ಟ್‌ಗ್ರೆಸ್ ಯಾಕೆ ಹಾಗೆ ಮಾಡಲಿಲ್ಲ? ಅದರ ಕೋಡಿನ ಉದ್ದಕ್ಕೂ ಗ್ಲೋಬಲ್ ವೇರಿಯಬಲ್‌ಗಳಿವೆ, ಅಂದರೆ ಪ್ರೋಗ್ರಾಂನ ಯಾವ ಭಾಗವೂ ಓದಿ ಬದಲಿಸಬಹುದಾದ ಮೌಲ್ಯಗಳು. ಪ್ರತಿ ಪ್ರಾಸೆಸ್ಸಿಗೂ ಅದರದ್ದೇ ಸ್ವಂತ ಪ್ರತಿ ಇರುತ್ತದೆ ಎಂದು ನಂಬಿ ಬರೆದದ್ದು. ಥ್ರೆಡ್ ಮಾಡಿದರೆ ಅವೆಲ್ಲ ಒಂದೇ ಹಂಡೆಯ ನೀರು. ಯಾರು ಕೈ ಅದ್ದಿದರೂ ಎಲ್ಲರಿಗೂ ತಾಗುತ್ತದೆ.

ಲಿನಕ್ಸಿನಲ್ಲಿ ಫೋರ್ಕ್ ಉಂಟು, ಒಂದು ಪ್ರಾಸೆಸ್ ತನ್ನದೇ ಪ್ರತಿಯನ್ನು ಹುಟ್ಟಿಸುವ ಸೌಲಭ್ಯ. ಫೋರ್ಕ್‌ನಿಂದ ಹುಟ್ಟಿದ ಮಗುವಿಗೆ ತಾಯಿಗೆ ಗೊತ್ತಿದ್ದದ್ದೆಲ್ಲ ಹುಟ್ಟುವಾಗಲೇ ಗೊತ್ತಿರುತ್ತದೆ. ಸೆಟ್ಟಿಂಗ್, ತೆರೆದ ನೆಟ್‌ವರ್ಕ್ ಸಾಕೆಟ್, ಮೆಮೊರಿಯ ವಿಳಾಸ, ಎಲ್ಲ. ವಿಂಡೋಸ್‌ನಲ್ಲಿ ಹೊಸ ಪ್ರಾಸೆಸ್ ಏನೂ ತಿಳಿಯದೆ ಬರುತ್ತದೆ. ಯಕ್ಷಗಾನದ ಚೌಕಿಗೆ ಹೊಸದಾಗಿ ಬಂದ ವೇಷಧಾರಿಗೆ ಪ್ರಸಂಗ ಹೇಳಿಕೊಟ್ಟು ರಂಗಸ್ಥಳಕ್ಕೆ ಕಳಿಸುವ ಹಾಗೆ, ಪೋಸ್ಟ್‌ಮಾಸ್ಟರ್ ಪ್ರತಿಯೊಬ್ಬನಿಗೂ ಬೇಕಾದ್ದನ್ನೆಲ್ಲ ಒಪ್ಪಿಸಬೇಕು. ಹಂಚಿಕೊಳ್ಳುವ ಮೆಮೊರಿಯೂ ತಾಯಿಯಲ್ಲಿದ್ದ ಅದೇ ವಿಳಾಸದಲ್ಲಿ ಕೂರಬೇಕು. ಕೂರದಿದ್ದರೆ ಒಳಗಿನ ಪಾಯಿಂಟರುಗಳಿಗೆ, ಅಂದರೆ ಬರೆದಿಟ್ಟ ವಿಳಾಸಗಳಿಗೆ, ಅರ್ಥವೇ ಇಲ್ಲ. ಇಷ್ಟನ್ನೂ ಮಾಡಿ ಪೋಸ್ಟ್‌ಗ್ರೆಸ್ಸಿನವರು 2005ರ ಜನವರಿಯಲ್ಲಿ ವಿಂಡೋಸ್‌ನಲ್ಲಿ ನೇರವಾಗಿ ಓಡುವ 8.0 ಆವೃತ್ತಿ ತಂದರು. ಅದಕ್ಕೆ ಮೊದಲು ವಿಂಡೋಸ್‌ನಲ್ಲಿ ಯುನಿಕ್ಸ್‌ನಂತೆ ನಟಿಸುವ ಸಿಗ್ವಿನ್ ಬೇಕಿತ್ತು. ಎಷ್ಟು ತಾಳ್ಮೆಯ ಕೆಲಸ ಅಲ್ವಾ? ಅದು ನನಗೆ ಅರ್ಥವಾದದ್ದು ಆ ಸರ್ವರ್ ರೂಮಿನಲ್ಲಿ ನಿಂತಾಗ.

ಊಟದ ಹೊತ್ತಿನ ತನಕ ಯಾರೂ ರಿಪೋರ್ಟ್ ತೆರೆಯಬೇಡಿ ಎಂದು ಶಾಖೆಗಳಿಗೆಲ್ಲ ಫೋನ್ ಮಾಡಿಸಿದೆ. ಕನೆಕ್ಷನ್ ನೂರರ ಆಸುಪಾಸಿನಲ್ಲಿ ನಿಂತಿತು. ಬಿಡುವಿನಲ್ಲಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ ತೆರೆದೆ. 1024, 3072, 512 ಎಂದು ಮೂರು ಅಂಕಿ ಇರುವ ಸಾಲು. ಕೊನೆಯದನ್ನು 1024 ಮಾಡಿ ಸರ್ವರ್ ರೀಸ್ಟಾರ್ಟ್ ಕೊಟ್ಟೆ. ಅದು ಎದ್ದು ಬರುವಷ್ಟರಲ್ಲಿ ಯಾರೋ ಚಾ, ಗೋಳಿಬಜೆ ತಂದಿಟ್ಟರು. ತಿನ್ನಲು ಮನಸ್ಸಿರಲಿಲ್ಲ.

ಕಂಪ್ಯೂಟರಿಗೆ ಮೂರು ಕನೆಕ್ಷನ್ ಬೇಡ, ಒಂದೇ ಸಾಕು ಎಂದು ನಮ್ಮ ಪ್ರೋಗ್ರಾಂ ತಿದ್ದಿದ್ದು ಆ ವಾರದ ಕೊನೆಗೆ. ಅಂದು ಅಷ್ಟಕ್ಕೆ ಸಮಯ ಇರಲಿಲ್ಲ.

ಮೂರು ಗಂಟೆಗೆ ಎಲ್ಲರಿಗೂ ರಿಪೋರ್ಟ್ ತೆರೆಯಲು ಹೇಳಿದೆ. ಕ್ಯಾಶಿಯರ್ ಬಂದು ನನ್ನ ಪಕ್ಕ ನಿಂತರು. ಪೋಸ್ಟ್‌ಗ್ರೆಸ್ಸಿನ ಕನೆಕ್ಷನ್ ಪಟ್ಟಿಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತಾ ಹೋದೆ. 119. 123. 125. ಅವರಿಗೂ ವಿಷಯ ಹೇಳಿದ್ದೆ, ಅವರೂ ಉಸಿರು ಹಿಡಿದಿದ್ದರು. 126. 131.

"ಉಂಟು ಮೇಡಂ, ಉಂಟು," ಎನ್ನುತ್ತಾ ಅವರು ಕೌಂಟರಿಗೆ ಓಡಿದರು. ಬೆಳಗ್ಗಿನಿಂದ ಕಾದಿದ್ದ ಪಿಗ್ಮಿ ಕಲೆಕ್ಟರ್ ಒಬ್ಬರು ಒದ್ದೆ ಚೀಲದಿಂದ ಪುಸ್ತಕ ತೆಗೆದು ಮುಂದಿಟ್ಟರು.