ಹಿತ್ತಿಲಲ್ಲಿ ಬೆಂಡೆ ಮೊಳೆತಿದೆ

ಯುಗಾದಿಯ ಮರುದಿನ ಬೆಂಡೆ, ಅಲಸಂದೆ, ಹೀರೆ ಬೀಜ ಹಾಕಿದ್ದೆ. ಬೆಂಡೆಯನ್ನು ರಾತ್ರಿಯಿಡೀ ನೆನೆಸಿ, ಒಂದೊಂದು ಅಡಿ ಬಿಟ್ಟು ಊರಿದ್ದು. ಇವತ್ತಿಗೆ ಆರು ದಿನ. ಬೆಳಿಗ್ಗೆ ನೀರು ಹಾಕಲು ಹೋದರೆ, ಮಣ್ಣನ್ನು ಎತ್ತಿಕೊಂಡೇ ಜೋಡಿ ಎಲೆಗಳು ಹೊರಗೆ ಬಂದಿವೆ! ಕಾಫಿ ಆರಿದರೂ ಅಲ್ಲೇ ಕೂತಿದ್ದೆ.

ಅಲಸಂದೆಯೂ ತಲೆ ಎತ್ತಿದೆ. ಹೀರೆ ಇನ್ನೂ ಇಲ್ಲ. ಅದರ ಬೀಜದ ಸಿಪ್ಪೆ ಗಟ್ಟಿ, ಸ್ವಲ್ಪ ಜಾಸ್ತಿ ದಿನ ಬೇಕು. ಅಷ್ಟರಲ್ಲಿ ಚಪ್ಪರಕ್ಕೆ ಗಳ ಹುಡುಕಬೇಕು.

ಬೆಂಡೆ ಕೊಯ್ಯಲು ಇನ್ನೂ 40 ದಿನವಾದರೂ ಆಗುತ್ತದೆ. ಅಮ್ಮ ಬೀಜಕ್ಕೆಂದು ಒಂದೆರಡು ಕಾಯಿಯನ್ನು ಗಿಡದಲ್ಲೇ ಒಣಗಲು ಬಿಡುತ್ತಿದ್ದರು. ಆಮೇಲೆ ಬೂದಿ ಬೆರೆಸಿ ಡಬ್ಬಿಯಲ್ಲಿ ಇಡುತ್ತಿದ್ದರು. ನಾನು ಅಂಗಡಿಯಿಂದ ನಾಟಿ ಬೀಜದ ಪ್ಯಾಕೆಟ್ ತಂದೆ. ಅದನ್ನು ಅಂಗೈಗೆ ಸುರಿದುಕೊಂಡಾಗ ಆ ಡಬ್ಬಿ ತುಂಬಾ ನೆನಪಾಯಿತು. ಈ ಸಲ ಎರಡು ಕಾಯಿ ಕೊಯ್ಯದೆ ಬಿಡುತ್ತೇನೆ.