ನ್ಯೂಕಾಸಲ್‌ಗೆ ಅವೇ ಮ್ಯಾಚ್‌ಗೆ ಹೋಗುವವರು ರೈಲು ಟಿಕೆಟ್ ಕೊನೆಗೆ ತಗೊಳ್ಳಿ

ನಮ್ಮ ದುಡ್ಡು ಹೋಗಿದ್ದು ರೈಲು ಟಿಕೆಟ್‌ನಲ್ಲಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು, ನಮ್ಮಣ್ಣ ಇಬ್ಬರೂ ಲಂಡನ್ನಿನ ಫುಟ್‌ಬಾಲ್ ತಂಡ ಕ್ರಿಸ್ಟಲ್ ಪ್ಯಾಲೇಸ್‌ನ ಬೆಂಬಲಿಗರು. 2024-25ರ ಸೀಸನ್ನಿನಲ್ಲಿ ನ್ಯೂಕಾಸಲ್ ಜೊತೆಗಿನ ಅವೇ ಮ್ಯಾಚ್, ಅಂದರೆ ಅವರ ಊರಲ್ಲಿ ಆಡುವ ಮ್ಯಾಚ್, ಮಾರ್ಚ್ ಮಧ್ಯದ ವಾರಾಂತ್ಯಕ್ಕಿತ್ತು. ಜನವರಿಯಲ್ಲೇ ಲಂಡನ್‌ನಿಂದ ಹೋಗಿಬರುವ ಅಡ್ವಾನ್ಸ್ ಟಿಕೆಟ್ ತಗೊಂಡೆವು. ಇಬ್ಬರಿಗೂ ಸೇರಿ 110 ಪೌಂಡ್. ಅದೇ ಹೊತ್ತಿಗೆ ನ್ಯೂಕಾಸಲ್ ತಂಡ ಲೀಗ್ ಕಪ್ ಅನ್ನುವ ಬೇರೆ ನಾಕೌಟ್ ಟೂರ್ನಿಯ ಸೆಮಿಫೈನಲ್‌ನಲ್ಲಿತ್ತು, ಎದುರಾಳಿ ಆರ್ಸೆನಲ್. ಇದನ್ನು ನಾವು ಗಮನಕ್ಕೇ ತಂದುಕೊಳ್ಳಲಿಲ್ಲ. ನ್ಯೂಕಾಸಲ್ ಸೆಮಿಫೈನಲ್‌ನ ಎರಡೂ ಪಂದ್ಯ ಗೆದ್ದು ಫೈನಲ್‌ಗೆ ಹೋಯಿತು. ಫೈನಲ್ ಮಾರ್ಚ್ 16ಕ್ಕೆ, ಅದೇ ವಾರಾಂತ್ಯ. ನಮ್ಮ ಮ್ಯಾಚ್ ಏಪ್ರಿಲ್ 16ಕ್ಕೆ ಹೋಯಿತು, ಅದೂ ಬುಧವಾರ ರಾತ್ರಿ ಏಳೂವರೆಗೆ.

ಅಡ್ವಾನ್ಸ್ ಟಿಕೆಟ್‌ಗೆ ದುಡ್ಡು ವಾಪಸ್ ಬರುವುದಿಲ್ಲ. ದಿನ ಬದಲಾಯಿಸಬಹುದು, ಆದರೆ ಶುಲ್ಕ ಕೊಟ್ಟು, ಹೊಸ ದರದ ವ್ಯತ್ಯಾಸವನ್ನೂ ಕಟ್ಟಬೇಕು. ಹೋಗುವ ಟಿಕೆಟ್ ಹಾಗೆ ಬದಲಾಯಿಸಿಕೊಂಡೆವು. ವಾಪಸ್ ಬರುವುದು? ಮ್ಯಾಚ್ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಅಷ್ಟು ಹೊತ್ತಿಗೆ ಲಂಡನ್‌ಗೆ ರೈಲಿಲ್ಲ. ಆ ಟಿಕೆಟ್ ಸುಮ್ನೆ ಹಾಳಾಯಿತು.

ಅದಕ್ಕೇ ಹೇಳುವುದು. ನೀವು ಹೋಗುವ ಊರಿನ ತಂಡ ಯಾವುದಾದರೂ ಕಪ್‌ನಲ್ಲಿ ಇನ್ನೂ ಉಳಿದಿದೆಯಾ ನೋಡಿ. ನಿಮ್ಮ ತಂಡವನ್ನೂ ನೋಡಿ. ಆ ಕಪ್‌ನ ಮುಂದಿನ ಸುತ್ತು ನಿಮ್ಮ ಮ್ಯಾಚ್ ಇರುವ ವಾರಾಂತ್ಯಕ್ಕೇ ಬಿದ್ದರೆ ಕಾಯಿರಿ. ಟಿವಿಯವರಿಗಾಗಿ ದಿನ, ಸಮಯ ಬದಲಾಗುವುದಂತೂ ಮಾಮೂಲಿ. ಮ್ಯಾಚ್ ಟಿಕೆಟ್‌ನ ಚಿಂತೆ ಅಷ್ಟಿಲ್ಲ. 2016-17ರಿಂದ ಪ್ರೀಮಿಯರ್ ಲೀಗ್‌ನಲ್ಲಿ ಅವೇ ಟಿಕೆಟ್ 30 ಪೌಂಡ್ ದಾಟುವ ಹಾಗಿಲ್ಲ. ಅದನ್ನು ನಿಮ್ಮ ಕ್ಲಬ್‌ನಿಂದಲೇ ತಗೊಳ್ಳಿ. ಅಲ್ಲಿ ಸಿಗಲಿಲ್ಲ ಅಂತ ಬೇರೆಯವರ ಕೈಯಿಂದ ಊರಿನವರ ಸ್ಟ್ಯಾಂಡ್ ಟಿಕೆಟ್ ಕೊಂಡು ಕೂರಬೇಡಿ. ನಿಮ್ಮ ತಂಡದ ಗೋಲಿಗೆ ಒಮ್ಮೆ ಎದ್ದು ಕೂಗಿದರೆ ಸಾಕು, ಹೊರಗೆ ಕಳಿಸುತ್ತಾರೆ.

ಊರು ಸೇರಿದ ಮೇಲೆ ಕಷ್ಟವಿಲ್ಲ. ನ್ಯೂಕಾಸಲ್ ತಂಡದ ಮೈದಾನ ಸೇಂಟ್ ಜೇಮ್ಸ್ ಪಾರ್ಕ್ ಊರ ನಡುವೆಯೇ ಇದೆ, ರೈಲ್ವೆ ಸ್ಟೇಷನ್‌ನಿಂದ ಕಾಲು ಗಂಟೆ ನಡಿಗೆ. ಆದರೆ ನೇರ ಅಲ್ಲಿಗೆ ಹೋಗಬೇಡಿ. ಮಧ್ಯಾಹ್ನವೇ ತಲುಪಿ ಗ್ರೇಂಜರ್ ಮಾರ್ಕೆಟ್‌ಗೆ ಹೋಗಿ. 1835ರಲ್ಲಿ ಶುರುವಾದ ಮಾರ್ಕೆಟ್, ಮೇಲೆ ಚಾವಣಿ, ಒಳಗೆ ಸಾಲು ಸಾಲು ಅಂಗಡಿ. ಅಲ್ಲೊಂದು ಚಿಕ್ಕ ಅಂಗಡಿಯಲ್ಲಿ ಸ್ಟಾಟಿ ತಿಂದೆವು. ದುಂಡಗೆ, ಚಪ್ಪಟೆಯಾಗಿ, ತಟ್ಟೆಯಷ್ಟು ಅಗಲದ ಬ್ರೆಡ್. ಅಂಗಡಿ ಬ್ರೆಡ್ಡಿನಂತೆ ಹತ್ತಿ ಹತ್ತಿಯಾಗಿ ಇರುವುದಿಲ್ಲ, ಎಳೆದು ಅಗಿಯಬೇಕು. ಅದನ್ನು ಸೀಳಿ, ಒಳಗೆ ಪೀಸ್ ಪುಡಿಂಗ್ ದಪ್ಪಗೆ ಸವರುತ್ತಾರೆ. ಹಳದಿ ಬಟಾಣಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿದ್ದು. ಅದರ ಮೇಲೆ ಹ್ಯಾಮ್ ಇಡುತ್ತಾರೆ. ಅಣ್ಣ ಮಾಂಸ ತಿನ್ನುವುದಿಲ್ಲ. ಅಂಗಡಿಯಾಕೆ ಹ್ಯಾಮ್ ಬಿಟ್ಟು, ಬೇಳೆಯನ್ನೇ ಎರಡರಷ್ಟು ಹಾಕಿ, ಉಪ್ಪಿನಕಾಯಿ ಈರುಳ್ಳಿ ಸೇರಿಸಿ ಕೊಟ್ಟರು. ಐದು ಪೌಂಡ್ ಒಳಗೇ ಆಯಿತು. ಅರ್ಧ ತಿಂದು ಉಳಿದರ್ಧ ಕಾಗದದಲ್ಲಿ ಸುತ್ತಿಟ್ಟುಕೊಂಡ ಅಣ್ಣ. ರಾತ್ರಿ ನಮ್ಮನ್ನು ಕಾಪಾಡಿದ್ದು ಅದೇ. ನಾವು ಹೋದಾಗ ಮಾರ್ಕೆಟ್ ಸಂಜೆ ಐದೂವರೆಗೆಲ್ಲ ಮುಚ್ಚುತ್ತಿತ್ತು, ಭಾನುವಾರ ಇರುತ್ತಿರಲಿಲ್ಲ.

ಈಗ ಮೆಟ್ಟಿಲು. ನಾವು ಹೋದಾಗ ಹೊರಗಿನ ಬೆಂಬಲಿಗರಿಗೆ ಜಾಗ ಕೊಟ್ಟಿದ್ದು ಲೀಜಸ್ ಸ್ಟ್ಯಾಂಡಿನ ತುತ್ತತುದಿಯಲ್ಲಿ, ಏಳನೇ ಹಂತದಲ್ಲಿ. ಕೆಳಗೆ ಬ್ಯಾಗ್ ನೋಡಿ, ಟಿಕೆಟ್ ನೋಡಿ ಒಳಗೆ ಬಿಡುತ್ತಾರೆ. ಅಲ್ಲಿಂದ 14 ಸುತ್ತು ಮೆಟ್ಟಿಲು. ಅಣ್ಣನಿಗೆ ಮಂಡಿ ನೋವು. ಆರನೇ ಸುತ್ತಿಗೆ ಕೈಗಂಬಿ ಹಿಡಿದುಕೊಂಡು ನಿಂತುಬಿಟ್ಟ. ಮುಖವೆಲ್ಲ ಬೆವರು. ಹಿಂದೆ ಬರುತ್ತಿದ್ದವರು ಗೋಡೆಗೆ ಒತ್ತಿಕೊಂಡು ದಾಟಿ ಹೋದರು. ‘ನೀನು ಹೋಗು, ನಾನು ನಿಧಾನಕ್ಕೆ ಬರ್ತೀನಿ’ ಅಂದ. ಅಲ್ಲೇ ಅವನನ್ನು ಬಿಟ್ಟು ಹೋಗೋಕಾಗುತ್ತಾ? ಮೇಲೆ ಸೇರುವಾಗ ಕಿಕ್‌ಆಫ್‌ಗೆ ಎರಡೇ ನಿಮಿಷ ಇತ್ತು. ಲಿಫ್ಟ್ ಇದೆ, ನಡೆಯಲು ಕಷ್ಟ ಇರುವವರು ನಿಮ್ಮ ಕ್ಲಬ್‌ಗೆ ಮೊದಲೇ ತಿಳಿಸಿಡಿ. ಉಳಿದವರು ಒಂದು ಗಂಟೆ ಮುಂಚೆ ಹತ್ತಿ.

ಆಟಗಾರರು ಪುಟ್ಟ ಪುಟ್ಟದಾಗಿ ಕಾಣುತ್ತಾರೆ, ನಿಜ. ಆದರೆ ಆಟದ ರೂಪ ಇಷ್ಟು ಚೆನ್ನಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಯಾರು ಜಾಗ ಬಿಟ್ಟರು, ಯಾರು ಓಡಿ ತುಂಬಿದರು ಎಲ್ಲ ಬಿಡಿಸಿಟ್ಟ ಹಾಗೆ. ಎಡಗಡೆಯ ಈಸ್ಟ್ ಸ್ಟ್ಯಾಂಡ್ ಮಾತ್ರ ಗಿಡ್ಡ. ಅದರ ಹಿಂದೆ ಲೀಜಸ್ ಟೆರೇಸ್ ಅನ್ನುವ, ಕಾನೂನಿನ ರಕ್ಷಣೆ ಇರುವ ಹಳೇ ಮನೆಗಳ ಸಾಲಿದೆ, ಹಾಗಾಗಿ ಎತ್ತರಿಸೋಕೆ ಬಿಟ್ಟಿಲ್ಲ. ಅದರ ತಲೆ ಮೇಲಿಂದ ಊರಿನ ದೀಪಗಳು ಕಾಣುತ್ತವೆ. ಕುರ್ಚಿ ಇದ್ದರೂ ಎಲ್ಲರೂ ಪೂರ್ತಿ ನಿಂತೇ ನೋಡಿದರು. ಕೂತೇ ನೋಡಬೇಕು ಅನ್ನುವವರಿಗೆ ಹೊರಗಿನ ಬೆಂಬಲಿಗರ ಈ ಜಾಗ ಆಗಿಬರುವುದಿಲ್ಲ. ದಪ್ಪ ಜಾಕೆಟ್ ಬೇಕೇ ಬೇಕು, ಏಪ್ರಿಲ್‌ನಲ್ಲೂ ಅಷ್ಟು ಮೇಲೆ ಗಾಳಿ ಜಾಸ್ತಿ.

ನಾವು 5-0 ಸೋತೆವು. ನಮ್ಮ ಎಝೆ ಹೊಡೆದ ಪೆನಾಲ್ಟಿಯನ್ನು ನ್ಯೂಕಾಸಲ್ ಗೋಲ್‌ಕೀಪರ್ ನಿಕ್ ಪೋಪ್ ತಡೆದರು. ವಿರಾಮಕ್ಕೇ ನಾಲ್ಕು ಗೋಲು ಆಗಿತ್ತು. ಐದನೆಯದು ಬಿದ್ದ ಮೇಲೂ ನಮ್ಮ ಸಾಲಿನವರು ಹಾಡುತ್ತಲೇ ಇದ್ದರು. ಮಂಡಿ ಒತ್ತಿಕೊಳ್ಳುತ್ತಾ ಅಣ್ಣನೂ ಹಾಡಿದ. ಒಂದು ತಿಂಗಳ ಮೇಲೊಂದು ದಿನಕ್ಕೆ, ಮೇ 17ಕ್ಕೆ, ನಮ್ಮ ಇದೇ ತಂಡ ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಎತ್ತಿತು. ಗೋಲು ಎಝೆಯದೇ.

ವಾಪಸ್ ರಾತ್ರಿ ಬಸ್. ದಯವಿಟ್ಟು ನೀವು ಹೀಗೆ ಮಾಡಬೇಡಿ. ಬಸ್ ಒಂದು ಗಂಟೆ ಹತ್ತು ನಿಮಿಷ ತಡ. ಅಷ್ಟು ಹೊತ್ತೂ ಚಳಿಯಲ್ಲಿ ಬೀದಿಯಲ್ಲೇ ನಿಂತೆವು. ಬಂದ ಮೇಲೆ ಹೀಟರ್ ಕೆಟ್ಟಿತ್ತು, ಟಾಯ್ಲೆಟ್‌ಗೆ ಬೀಗ. ನಮ್ಮ ಸೀಟು ಹಿಂದಕ್ಕೆ ಬಾಗುತ್ತಿರಲಿಲ್ಲ. ಅಣ್ಣ ಕಾಲು ಚಾಚಲಾಗದೆ ರಾತ್ರಿಯೆಲ್ಲ ಓಡಾಡುವ ದಾರಿಯಲ್ಲಿ ನಿಂತು ಕೂತು ಮಾಡಿದ. ಮ್ಯಾಚ್ ದಿನ ಊರೊಳಗಿನ ರೂಮುಗಳ ಬಾಡಿಗೆ ನೋಡಿ ಬೆದರಿ ಬಸ್ ಹಿಡಿದಿದ್ದೆವು. ಆದರೆ ಸೇತುವೆ ದಾಟಿದರೆ ಗೇಟ್ಸ್‌ಹೆಡ್. ನಡೆದೂ ಹೋಗಬಹುದು, ಮೆಟ್ರೋನೂ ಇದೆ. ಅಲ್ಲಿ ರೂಮು ಅರ್ಧ ಬೆಲೆಗೆ ಇತ್ತು ಅಂತ ಆಮೇಲೆ ಗೊತ್ತಾಯಿತು. ಬುಕ್ ಮಾಡುವಾಗ ರದ್ದಾದರೆ ದುಡ್ಡು ವಾಪಸ್ ಕೊಡುವ ರೂಮನ್ನೇ ಹಿಡಿಯಿರಿ, ಎರಡು ಪೌಂಡ್ ಜಾಸ್ತಿಯಾದರೂ ಸರಿ.