ಕಾಶ್ಮೀರದಲ್ಲಿ ಚಳಿಗಾಲ ಶುರುವಾಗುವುದು ಆಗಸ್ಟ್‌ನಲ್ಲಿ

ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಆಗಸ್ಟ್‌ನಲ್ಲಿ ಬಿಸಿಲು ಚೆನ್ನಾಗಿರುತ್ತದೆ, ತರಕಾರಿ ಅಗ್ಗ, ಆಗಲೇ ಹೆಂಗಸರು ಚಾಕು ಹಿಡಿದು ಕೂತುಬಿಡುತ್ತಾರೆ. ಕೆಲಸದ ಮೇಲೆ ಶ್ರೀನಗರದಲ್ಲಿದ್ದಾಗ ನಾನು ಬಾಡಿಗೆಗಿದ್ದ ಮನೆಯಲ್ಲೂ ಇದೇ ನಡೆಯುತ್ತಿತ್ತು. ಸೋರೆಕಾಯಿಯ ಸಿಪ್ಪೆ ತೆಗೆದು, ಉದ್ದುದ್ದ ಪಟ್ಟಿಯ ಹಾಗೆ ಕೊಯ್ದು ಹಗ್ಗದ ಮೇಲೆ ನೇತುಹಾಕುವುದು, ಬದನೆಕಾಯಿಯನ್ನು ತೊಟ್ಟು ಬಿಡದ ಹಾಗೆ ಸೀಳಿ ದಾರಕ್ಕೆ ಕಟ್ಟುವುದು, ಟೊಮೇಟೊ ಹೋಳು ಮಾಡಿ ಚಾಪೆ ಮೇಲೆ ಹರಡುವುದು. ಒಂದು ಹನಿ ಮಳೆ ಬಿತ್ತು ಅಂದರೆ ಮನೆಮಂದಿಯೆಲ್ಲ ಓಡಬೇಕು, ನೆನೆದರೆ ಬೂಸ್ಟು ಹಿಡಿದು ಅಷ್ಟೂ ದಿನದ ಕೆಲಸ ಹಾಳು. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆ ಮಾಡಿ, ಹಲಸಿನ ತೊಳೆ ಉಪ್ಪಿಗೆ ಹಾಕಿ, ಸೌದೆ ಒಟ್ಟಿಕೊಳ್ಳುತ್ತಾರಲ್ಲ, ಹಾಗೇ.

ಈ ಒಣ ತರಕಾರಿಗೆ ಅಲ್ಲಿ ಹೊಖ್ ಸ್ಯೂನ್ ಅನ್ನುತ್ತಾರೆ. ಡಿಸೆಂಬರ್ 21ಕ್ಕೆ ಚಿಲ್ಲೈ ಕಲಾನ್ ಶುರು, 40 ದಿನದ ಕಡು ಚಳಿ. ನಲ್ಲಿಯ ನೀರು ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ, ತೋಟದಲ್ಲಿ ಏನೂ ಬೆಳೆಯುವುದಿಲ್ಲ. ಒಣಗಿಸಿದ್ದು ಆಗ ಹೊರಗೆ ಬರುತ್ತದೆ. ಟರ್ನಿಪ್, ಮೂಲಂಗಿಯಂಥವನ್ನು ಹಿತ್ತಲಲ್ಲೇ ಗುಂಡಿ ತೋಡಿ ಮಣ್ಣು ಮುಚ್ಚಿ ಇಟ್ಟಿರುತ್ತಾರೆ, ಬೇಕಾದಾಗ ಅಗೆದು ತೆಗೆಯುವುದು.

ಇಷ್ಟೆಲ್ಲ ಯಾಕೆ ಅಂದರೆ ರಸ್ತೆಯ ಕಾರಣಕ್ಕೆ. ಎಷ್ಟೋ ವರ್ಷ ಕಣಿವೆಗೆ ಹೊರಗಿನ ಸಾಮಾನು ಬರುತ್ತಿದ್ದುದು ಮುಖ್ಯವಾಗಿ ಜಮ್ಮು–ಶ್ರೀನಗರ ಹೆದ್ದಾರಿಯಿಂದ. ಬನಿಹಾಲ್ ಕಡೆ ಹಿಮ ಬೀಳುತ್ತದೆ, ಕೆಳಗೆ ರಾಂಬನ್ ಹತ್ತಿರ ಮಳೆಗೆ ಗುಡ್ಡ ಜಾರಿ ಕಲ್ಲು ಮಣ್ಣು ರಸ್ತೆಗೆ ಬರುತ್ತದೆ, ಎರಡೂ ಒಟ್ಟಿಗೆ ಆದರೆ ಲಾರಿಗಳು ಸಾಲುಗಟ್ಟಿ ನಿಂತುಬಿಡುತ್ತವೆ. ಕುರಿ, ಕೋಳಿ, ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಎಲ್ಲ ಆ ಸಾಲಿನಲ್ಲೇ. ಎರಡು ಮೂರು ದಿನ ಕಳೆದರೆ ಪೇಟೆಯಲ್ಲಿ ತರಕಾರಿ ಬೆಲೆ ಏರಿಬಿಡುತ್ತದೆ. ಪೆಟ್ರೋಲ್ ಬಂಕಿನಲ್ಲಿ ಒಂದು ಗಾಡಿಗೆ ಇಷ್ಟೇ ಅಂತ ಅಳೆದು ಕೊಟ್ಟಿದ್ದೂ ಉಂಟು. 2021ರಲ್ಲಿ ಬನಿಹಾಲ್–ಕಾಜಿಗುಂಡ್ ನಡುವೆ 8.45 ಕಿ.ಮೀ. ಸುರಂಗ ಆಯ್ತು, 2025ರ ಜೂನ್ 6ಕ್ಕೆ ಚೆನಾಬ್ ರೈಲು ಸೇತುವೆ ಉದ್ಘಾಟನೆಯಾಗಿ ಜಮ್ಮು ಕಡೆಯ ಕಟ್ರಾದಿಂದ ರೈಲೂ ಶ್ರೀನಗರ ಮುಟ್ಟಿತು. ಇದು ಸಣ್ಣ ವಿಷಯ ಅಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಳೆಗೆ ಹೆದ್ದಾರಿ ಕೆಟ್ಟು ಸೇಬಿನ ಲಾರಿಗಳು ದಾರಿಯಲ್ಲೇ ಸಿಕ್ಕಿಕೊಂಡಾಗ ಬಡ್ಗಾಮ್‌ನಿಂದ ದೆಹಲಿಗೆ ಪಾರ್ಸೆಲ್ ರೈಲು ಓಡಿಸಿದರು.

ಟಿವಿಯಲ್ಲಿ ನಾವು ನೋಡುವುದು ಹೆಲಿಕಾಪ್ಟರ್ ಇಳಿಯುವುದನ್ನು, ಸೈನಿಕರು ಗರ್ಭಿಣಿಯನ್ನು ಸ್ಟ್ರೆಚರ್‌ನಲ್ಲಿ ಹೊತ್ತು ಮೊಣಕಾಲುದ್ದ ಹಿಮದಲ್ಲಿ ನಡೆಯುವುದನ್ನು. ಆ ಸೈನಿಕರ ಕಷ್ಟ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನ ಬದುಕಿ ಉಳಿಯುವುದು ಹೆಚ್ಚಾಗಿ ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಯಾರೂ ಫೋಟೋ ತೆಗೆಯದ ಕೆಲಸದಿಂದ.

ಗುರೇಜ್ ತೆಗೆದುಕೊಳ್ಳಿ. ಬಂಡೀಪೋರ ಜಿಲ್ಲೆಯ ಗಡಿ ಕಣಿವೆ. ಅಲ್ಲಿಗೆ ಬೆಟ್ಟ ದಾಟಿ ಹೋಗುವ ದಾರಿ, ರಾಜ್ದಾನ್ ಪಾಸ್, 11,000 ಅಡಿಗಿಂತ ಎತ್ತರದಲ್ಲಿದೆ, ಹಿಮ ಬಿದ್ದರೆ ತಿಂಗಳುಗಟ್ಟಲೆ ಬಂದ್. ಅದಕ್ಕೇ ಅಕ್ಕಿ, ಹಿಟ್ಟು, ಇಂಧನ, ಔಷಧಿಯನ್ನು ಮೊದಲೇ ತುಂಬಿಸಿಡುತ್ತಾರೆ. ರೇಷನ್ ಅಂಗಡಿಯಲ್ಲಿ ಹಲವು ತಿಂಗಳ ಅಕ್ಕಿ ಒಟ್ಟಿಗೆ ಸಿಗುತ್ತದೆ. ಹೆರಿಗೆ ಹತ್ತಿರವಿರುವ ಹೆಂಗಸರನ್ನು ದಾರಿ ಮುಚ್ಚುವ ಮುಂಚೆಯೇ ಬಂಡೀಪೋರಕ್ಕೆ ಕರೆತರುವ ಏರ್ಪಾಡೂ ಇದೆ. ಸರ್ಕಾರದ ಕೆಲಸ ಅಂದರೆ ಇದು ಅನ್ನಿಸುತ್ತದೆ ನನಗೆ. ಹಿಮ ಯಾವ ತಿಂಗಳು ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು, ಲೆಕ್ಕ ಹಾಕಿ ಸಾಮಾನು ಸಾಗಿಸಬೇಕು, ಅಷ್ಟೇ. ಇಲ್ಲಿ ಒಂದು ಲೋಡ್ ಅಕ್ಕಿ ತಡವಾದರೆ ಊರಿಗೆ ಊರೇ ವಸಂತದವರೆಗೆ ಪಾಡು ಪಡಬೇಕು.

ಜೋಜಿ ಲಾ ಅನ್ನುವ ಪಾಸ್ ದಾಟಿ ಲಡಾಖ್ ಕಡೆ ಹೋದರೆ ಕಥೆ ಬೇರೆ. ಲೇಹ್ ಊರಲ್ಲಿ ನಾವಂದುಕೊಂಡಷ್ಟು ಹಿಮ ಬೀಳುವುದೇ ಇಲ್ಲ, ಅದು ಒಣ ನೆಲ. ಹಿಮ ಬೀಳುವುದು ದಾರಿಯ ಪಾಸ್‌ಗಳ ಮೇಲೆ. ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಮೊದಲೆಲ್ಲ ಐದಾರು ತಿಂಗಳು ಮುಚ್ಚಿರುತ್ತಿತ್ತು. ಗಡಿ ರಸ್ತೆ ಸಂಸ್ಥೆಯವರು ಹಿಮ ಕಡಿದು ಕಡಿದು 2023ರಲ್ಲಿ ಅದನ್ನು 68 ದಿನಕ್ಕೆ ಇಳಿಸಿದರು, 2024ರಲ್ಲಿ 35, 2025ರಲ್ಲಿ 32.

ಹಳೇ ಲಡಾಖಿ ಮನೆ ನೋಡಿದರೆ ಇಡೀ ಮನೆಯನ್ನೇ ಚಳಿಗಾಲಕ್ಕೆ ಅಂತ ಕಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ಕೆಳಗೆ ದನ ಕುರಿ, ಮೇಲೆ ಜನ, ಕೆಳಗಿನ ಬಿಸಿ ಮೇಲಕ್ಕೆ. ಚಾವಣಿಯ ಅಂಚಿನ ಸುತ್ತ ಕುದುರೆಮೆಂತೆ ಹುಲ್ಲು ಮತ್ತು ಸೌದೆ ಪೇರಿಸಿರುತ್ತಾರೆ. ನೆಲದೊಳಗಿನ ಗುಂಡಿಯಲ್ಲಿ ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ. ಮೇಲಿನ ಉಗ್ರಾಣದಲ್ಲಿ ಬಾರ್ಲಿ ಹುರಿಹಿಟ್ಟು, ಒಣ ಏಪ್ರಿಕಾಟ್, ಕಲ್ಲಿನಂತೆ ಗಟ್ಟಿಯಾದ ಒಣ ಚೀಸ್. ಹುರಿಹಿಟ್ಟು ನನಗೆ ತುಂಬಾ ಇಷ್ಟವಾಯ್ತು, ಉಪ್ಪು ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ, ಒಲೆಯೂ ಬೇಡ. ಇದರ ಜೊತೆ ಫಾಸ್‌ಪುನ್ ಅಂತ ಒಂದು ವ್ಯವಸ್ಥೆ ಇದೆ, ಒಂದೇ ಮನೆದೇವರಿಗೆ ನಡೆದುಕೊಳ್ಳುವ ಕೆಲವು ಮನೆಗಳ ಗುಂಪು. ಹುಟ್ಟು, ಮದುವೆ, ಸಾವು ಯಾವುದೇ ಬರಲಿ, ಕೆಲಸ ಹಂಚಿಕೊಂಡು ಜೊತೆಗೆ ನಿಲ್ಲುವುದು ಅವರೇ. ರಸ್ತೆ ಇಲ್ಲದ ಊರಲ್ಲಿ ನಡುಚಳಿಗಾಲದಲ್ಲಿ ಯಾರಾದರೂ ತೀರಿಕೊಂಡರೆ ಇಂಥ ಗುಂಪು ಎಷ್ಟು ಮುಖ್ಯ, ಯೋಚಿಸಿ.

ಹೊಸ ಉಪಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಬಿಸಿಲಿನ ಗ್ರೀನ್‌ಹೌಸ್. ಮೂರು ಕಡೆ ದಪ್ಪ ಮಣ್ಣಿನ ಗೋಡೆ, ದಕ್ಷಿಣಕ್ಕೆ ಪ್ಲಾಸ್ಟಿಕ್ ಹಾಳೆ. ಹಗಲಿನ ಬಿಸಿಯನ್ನು ಗೋಡೆ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿರುವಾಗ ಒಳಗೆ ಪಾಲಕ್, ಕೊತ್ತಂಬರಿ ಬೆಳೆಯುತ್ತವೆ!

ಎಲ್ಲವೂ ಸರಿಯಿದೆ ಅಂತ ಹೇಳುತ್ತಿಲ್ಲ. ರೇಷನ್ ಅಕ್ಕಿ ಗೋಧಿ ಬಂದ ಮೇಲೆ ಬಾರ್ಲಿ ತಿನ್ನುವುದು ಕಡಿಮೆಯಾಗಿದೆ. ಮುಂಚೆಯೇ ಕೊಂಡಿಡಲು ಕೈಯಲ್ಲಿ ದುಡ್ಡಿಲ್ಲದವರಿಗೆ ಏರಿದ ಬೆಲೆಯ ಏಟು ಎಲ್ಲರಿಗಿಂತ ಜಾಸ್ತಿ. ಲಡಾಖಿನ ಪೂರ್ವದ ಎತ್ತರದ ಬಯಲು ಚಾಂಗ್‌ಥಾಂಗ್‌ನಲ್ಲಿ ಪಶ್ಮೀನಾ ಮೇಕೆ ಸಾಕುವ ಚಾಂಗ್ಪಾ ಜನರದ್ದು ಇನ್ನೂ ಕಷ್ಟ. ಹುಲ್ಲಿನ ಮೇಲೆ ದಪ್ಪ ಹಿಮ ಕೂತರೆ ಮೇಕೆಗಳಿಗೆ ಮೇವೇ ಇಲ್ಲ. 2013ರ ಚಳಿಗಾಲದಲ್ಲಿ ಹೀಗೇ ಸಾವಿರಾರು ಮೇಕೆಗಳು ಸತ್ತವು. ಮನುಷ್ಯರಿಗೆ ಅಕ್ಕಿ ಕೂಡಿಡುವಷ್ಟೇ ಕಾಳಜಿಯಿಂದ ಅಲ್ಲಿಗೆ ಮೇವೂ ಮೊದಲೇ ಹೋಗಬೇಕು. ಮೇಕೆ ಹೋದರೆ ಆ ಮನೆಯ ಮುಂದಿನ ವರ್ಷಗಳ ದುಡಿಮೆಯೇ ಹೋದಂತೆ.

ಚಳಿಗಾಲದಲ್ಲಿ ಹಿಮ ನೋಡಲು ಹೋಗುವ ನಮ್ಮವರು ಈಗ ಜಾಸ್ತಿಯಾಗಿದ್ದಾರೆ, ಸಂತೋಷ. ರಸ್ತೆ ಮುಚ್ಚಿತು ಅಂತ ಸುದ್ದಿ ಬಂದ ತಕ್ಷಣ ಅಂಗಡಿಗೆ ನುಗ್ಗಿ ಹಾಲಿನ ಪುಡಿ, ಬ್ರೆಡ್ಡು, ಮೊಟ್ಟೆ ಎಲ್ಲ ಬಾಚಿಕೊಳ್ಳಬೇಡಿ, ಅದು ಅಲ್ಲಿಯ ಮಕ್ಕಳ ಪಾಲು. ಉಳಿದುಕೊಂಡ ಮನೆಯವರು ಮಾಡಿಕೊಟ್ಟಿದ್ದನ್ನು ಉಣ್ಣಿ. ವಾಪಸ್ ಬರುವಾಗ ಶ್ರೀನಗರದ ಪೇಟೆಯಲ್ಲಿ ಒಣ ಸೋರೆಕಾಯಿ ಸಿಕ್ಕರೆ ಒಂದಿಷ್ಟು ಕೊಂಡುಕೊಳ್ಳಿ. ಬಿಸಿನೀರಲ್ಲಿ ಮೆತ್ತಗಾಗುವವರೆಗೆ ನೆನೆಸಿ, ಚೆನ್ನಾಗಿ ತೊಳೆದು ಹಿಂಡಿ, ತೊಗರಿಬೇಳೆ ಜೊತೆ ಬೇಯಿಸಿ ಹುಳಿ ಮಾಡಿ. ನಮ್ಮ ಮನೆಯಲ್ಲಿ ಮಾಡುತ್ತೇವೆ, ಬಿಸಿ ಅನ್ನಕ್ಕೆ ತುಂಬಾ ಚೆನ್ನಾಗಿರುತ್ತದೆ.